ಹೇರ್‌ಪಿನ್ನಿನ ಕಾವಲು

ನಮ್ಮ ಜೀವಕೋಶಗಳೂ ಹೇರ್‌ಪಿನ್ ಬಳಸುತ್ತವೆ ಎಂದರೆ ನೀವು ನಗುತ್ತೀರಿ. ಯಾದಗಿರಿಯ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯರೂ ನಗುತ್ತಾರೆ. ಆ ಹೆಸರು ನಾನಿಟ್ಟದ್ದಲ್ಲ, ವಿಜ್ಞಾನಿಗಳೇ ಇಟ್ಟದ್ದು.

ಸುರಪುರಕ್ಕೆ ಕೊಟ್ಟ ಅಕ್ಕನ ಮಗಳಿಗೆ ಐದು ತಿಂಗಳು. ಬಸ್ಸಿನ ಕಿಟಕಿಯಿಂದ ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡುತ್ತ ಅವಳಲ್ಲಿಗೆ ಹೋದೆ. ಹುಡುಗಿಯ ಕೆಳರೆಪ್ಪೆ ಸುಣ್ಣದಂತೆ ಬಿಳಿಚಿತ್ತು. ಕಬ್ಬಿಣದ ಮಾತ್ರೆಗಳು ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು.

"ಅವು ತಗೊಂಡ್ರ ಕೂಸು ಕರ್ರಗ ಆಗ್ತದಂತ, ಚಿಗವ್ವಾ. ಮೈಗೆ ಬೇಕಾದ್ದು ಮೈನೇ ನೋಡ್ಕೋತದಂತ ನೀನೇ ಕ್ಲಾಸಿನಾಗ ಹೇಳ್ತಿದ್ದಿ!"

"ನೋಡ್ಕೋತದ, ಖರೆ. ಜ್ವಾಳ ಬೆಳೀಲಾರದ ವರ್ಷ ಹಗೇವು ಯಾರರ ತೋಡಸ್ತಾರೇನವ್ವಾ?"

ಜೋಳ ತುಂಬಿಡಲು ನೆಲದೊಳಗೆ ತೋಡುವ ಹಗೇವಿನಂತೆಯೇ ಜೀವಕೋಶದಲ್ಲಿ ಕಬ್ಬಿಣ ಕೂಡಿಡಲು ಫೆರಿಟಿನ್ ಇದೆ. ಒಂದರಲ್ಲಿ ಸುಮಾರು 4500 ಪರಮಾಣು ಹಿಡಿಯುತ್ತವೆ. ಅದನ್ನು ಕಟ್ಟಬೇಕೆಂಬ ವಂಶವಾಹಿಯ ಆಜ್ಞೆ ಒಂದು ಚೀಟಿಯಾಗಿ ಬರುತ್ತದೆ. ಅದೇ ಸಂದೇಶವಾಹಕ ಆರ್‌ಎನ್‌ಎ. ದಾರದಂಥ ಈ ಚೀಟಿಯ ತಲೆಯ ಕಡೆ ಸುಮಾರು 30 ಅಕ್ಷರಗಳ ಭಾಗ ತನ್ನ ಮೇಲೇ ಮಡಚಿಕೊಂಡು ಹೇರ್‌ಪಿನ್ ಆಗುತ್ತದೆ. ಕಬ್ಬಿಣ ಕಡಿಮೆಯಾದರೆ ಒಂದು ಪ್ರೋಟೀನು ಆ ಪಿನ್ನನ್ನು ಹಿಡಿದು ಕೂರುತ್ತದೆ. ಚೀಟಿ ಓದಬೇಕಾದ ರೈಬೋಸೋಮು ಮುಂದೆ ಸಾಗದು. ಹಗೇವಿನ ಕೆಲಸ ನಿಂತಿತು. ಇದು ಗೊತ್ತಾದದ್ದು 1987ರಲ್ಲಿ.

ನನಗೆ ಇನ್ನೂ ಸೋಜಿಗವೆನಿಸುವುದು ಮುಂದಿನದು. ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಿಗೂ ಒಂದು ಚೀಟಿ ಇದೆ. ಅದರ ಬಾಲದಲ್ಲಿ ಇಂಥವೇ ಐದು ಪಿನ್ನು. ಅಲ್ಲಿ ಅದೇ ಪ್ರೋಟೀನು ಬಂದು ಕೂತರೆ ಚೀಟಿ ಹರಿದುಹೋಗದೆ ಉಳಿದು, ಬಾಗಿಲುಗಳು ಹೆಚ್ಚುತ್ತವೆ. ವಂಶವಾಹಿಯ ಒಂದಕ್ಷರವೂ ಬದಲಾಗದೆ, ಬರೀ ಮಡಿಕೆಯಿಂದ ಇಷ್ಟೆಲ್ಲ! ಫೆರಿಟಿನ್ನಿನ ಪಿನ್ನಿನಲ್ಲಿ ಒಂದೇ ಅಕ್ಷರ ಹುಟ್ಟಿನಿಂದ ತಪ್ಪಿದ್ದರೂ ಕಾವಲು ಸಡಿಲಾಗಿ, ಎಳೆಯ ವಯಸ್ಸಿಗೇ ಕಣ್ಣಿಗೆ ಪೊರೆ ಬರುವ ಕುಟುಂಬಗಳಿವೆ. 1995ರಲ್ಲಿ ವೈದ್ಯರು ಅದನ್ನು ಗುರುತಿಸಿದರು.

ಮೈ ಬಾಗಿಲು ತೆರೆದು ಕಾಯಬಲ್ಲದು, ಕಬ್ಬಿಣವನ್ನು ಹುಟ್ಟಿಸಲಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ರಕ್ತಹೀನತೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರ ಬಾಗಿಲಿಗೆ ಏನು ಬಂದೀತು?

"ಕರ್ರಗ ಆಗೂದು ಕೂಸಲ್ಲ, ಬೆಳಿಗ್ಗೆ ಹೊರಕಡಿಗೆ ಹೋದಾಗ ನೋಡು" ಎಂದೆ. ಮೊದಲ ಸಲ ನಕ್ಕಳು. ಲಿಂಬೆಹುಳಿ ಮಾತ್ರೆಗೆ ಜೊತೆಯಾಗುತ್ತದೆ, ಚಹಾ ಅಡ್ಡ ಬರುತ್ತದೆ ಎಂದೂ ಹೇಳಿದೆ.

ಒಲೆಯ ಮುಂದಿದ್ದ ಬೀಗತಿ ಎಲ್ಲ ಕೇಳಿಸಿಕೊಂಡಿರಬೇಕು. ಅಂದು ಸೊಸೆಯನ್ನೂ ನನ್ನ ಜೊತೆಗೇ ಊಟಕ್ಕೆ ಕೂಡಿಸಿ, ರೊಟ್ಟಿ ಪಲ್ಯದ ಮಗ್ಗುಲಿಗೆ ಲಿಂಬಿಹೋಳು ಇಟ್ಟರು. ಉಂಡೆದ್ದ ಮೇಲೆ ಚಹಾ ಬಂದದ್ದು ನನಗೊಬ್ಬಳಿಗೇ.