ನೂರರಲ್ಲಿ ಒಂದು ಪಾಲು ಗಾಳಿ

ನಂದಿಬೆಟ್ಟದ ಮೇಲೆ, ಟಿಪ್ಪು ಡ್ರಾಪ್ ಅಂಚಿನಲ್ಲಿ ನಿಂತಿದ್ದೀರಿ. ಎತ್ತರ 1,478 ಮೀಟರ್. ಗಾಳಿ ಎದೆಗೆ ಗುದ್ದುತ್ತಿದೆ, ಅಂಗಿ ಪಟಪಟ ಬಡಿಯುತ್ತಿದೆ, ಕಿವಿ ಗುಯ್‌ಗುಟ್ಟುತ್ತಿದೆ. ಈ ಗಾಳಿಯನ್ನು ನೂರು ಪಾಲು ಮಾಡಿ, ತೊಂಬತ್ತೊಂಬತ್ತನ್ನು ತೆಗೆದುಬಿಡಿ. ಎದೆಯ ಮೇಲಿನ ಗುದ್ದು ನಿಲ್ಲುತ್ತದೆ, ಅಂಗಿ ಜೋಲುತ್ತದೆ. ಮಂಗಳದಲ್ಲಿ ಇರುವುದು ಹೆಚ್ಚುಕಡಿಮೆ ಇಷ್ಟೇ. ಇಷ್ಟರಲ್ಲೇ ಒಂದು ಯಂತ್ರವನ್ನು ಮೇಲೆತ್ತಬೇಕು. ಯಾವ ಎಂಜಿನ್ ಹಾಕುತ್ತೀರಿ?

ಪೆಟ್ರೋಲ್ ಉರಿಯಲು ಆಮ್ಲಜನಕ ಬೇಕು; ಅಲ್ಲಿರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಜೆಟ್‌ಗೂ ಅದೇ ಗತಿ. ರಾಕೆಟ್ ಆದೀತು, ನಾಸಾ 'ಏರೀಸ್' ಎಂಬ ರಾಕೆಟ್ ವಿಮಾನವನ್ನು ವಿನ್ಯಾಸ ಮಾಡಿಯೂ ಇತ್ತು. ಟ್ಯಾಂಕ್ ಬರಿದಾದರೆ ಅದು ಬಿದ್ದಂತೆಯೇ, ಮತ್ತೆ ಏಳುವ ಮಾತಿಲ್ಲ. ಉಳಿದದ್ದು ಬ್ಯಾಟರಿ, ಮೋಟಾರು, ತಿರುಗುವ ರೆಕ್ಕೆ. ಅದೂ ಸಲೀಸಲ್ಲ. ರಾತ್ರಿ ಮೈನಸ್ 90 ಡಿಗ್ರಿಗೆ ಇಳಿಯುವ ಕಡೆ ತುಂಬಿಸಿದ ಶಕ್ತಿಯ ದೊಡ್ಡ ಪಾಲು ಹಾರಾಟಕ್ಕಲ್ಲ, ಯಂತ್ರವನ್ನು ಬೆಚ್ಚಗಿಡಲಿಕ್ಕೇ ಖರ್ಚು.

ಈಗ ಅಮೆರಿಕದ ಪಾಸಡೀನಾ, 2014. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ, ಹೆಸರಿನಲ್ಲಷ್ಟೇ ಜೆಟ್. 25 ಅಡಿ ಅಗಲದ ಉಕ್ಕಿನ ಕೋಣೆಯಿಂದ ಪಂಪುಗಳು ಗಾಳಿ ಹೀರುತ್ತಿವೆ, ಅವುಗಳ ಗುಡುಗು ನಿಮ್ಮ ಅಂಗಾಲಿಗೆ ತಾಗುತ್ತಿದೆ. ಮಂಗಳದಲ್ಲಿ ಹಾರಿಸುವ ಈ ಹುಚ್ಚನ್ನು ಹಚ್ಚಿದವರು ಇಲ್ಲಿನ ಎಂಜಿನಿಯರ್ ಬಾಬ್ ಬಲರಾಮ್. ಚಿಂತಾಮಣಿಯಿಂದ ಮದನಪಲ್ಲಿ ದಾರಿ ಹಿಡಿದು ಮುಂದೆ ಹೋದರೆ ಸಿಗುವ ಋಷಿವ್ಯಾಲಿ ಶಾಲೆಯಲ್ಲಿ, ಆಮೇಲೆ ಮದ್ರಾಸ್ ಐಐಟಿಯಲ್ಲಿ ಓದಿದವರು. ಒಳಗಿರುವ ಚಿಕ್ಕ ಮಾದರಿಯ ರೆಕ್ಕೆ ತಿರುಗುತ್ತದೆ. ಎದ್ದಿತು! ವಾಲಿತು. ಜಾಯ್‌ಸ್ಟಿಕ್ ಎಡಕ್ಕೆ. ತಡವಾಯಿತು. ಬಲಕ್ಕೆ. ಇನ್ನೂ ತಡ. ಬಿತ್ತು.

ನಿಮ್ಮ ಬಾಯಿ ಒಣಗಿದೆ. ನಮ್ಮ ದಟ್ಟ ಗಾಳಿ ರೆಕ್ಕೆಯ ಕುಣಿತವನ್ನು ತಾನೇ ಅದುಮುತ್ತದೆ. ತೆಳು ಗಾಳಿಗೆ ಆ ಕೈ ಇಲ್ಲ. ರೆಕ್ಕೆ ಗಡುಸಾಗಬೇಕು, ಆದರೆ ತೂಕ ಏರಕೂಡದು. ಇನ್ನೂ ಜೋರಾಗಿ ತಿರುಗಿಸೋಣವೆಂದರೆ ಮಂಗಳದಲ್ಲಿ ಶಬ್ದವೇ ನಿಧಾನ. ರೆಕ್ಕೆಯ ತುದಿ ಶಬ್ದದ ವೇಗವನ್ನು ಸಮೀಪಿಸಿದರೆ ಎಳೆತ ಏರಿ ಎತ್ತುವ ಬಲ ಕುಸಿಯುತ್ತದೆ. ಕಡೆಗೆ ಕಾರ್ಬನ್ ಫೈಬರ್, ಒಂದರ ಮೇಲೊಂದು ವಿರುದ್ಧ ದಿಕ್ಕಿಗೆ ತಿರುಗುವ ಎರಡು ಜೊತೆ ರೆಕ್ಕೆ, ನಿಮಿಷಕ್ಕೆ 2,400ಕ್ಕೂ ಹೆಚ್ಚು ಸುತ್ತು, ಒಟ್ಟು ತೂಕ 1.8 ಕಿಲೋ. ಜಾಯ್‌ಸ್ಟಿಕ್ ಮನುಷ್ಯನ ಕೈಯಿಂದ ಹೋಯಿತು, ಹಾರಿಸುವ ಕೆಲಸ ಕಂಪ್ಯೂಟರಿಗೆ ಬಂತು.

2021ರ ಏಪ್ರಿಲ್ 19, ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕೂಕಾಲು. ಇಂಜೆನ್ಯುಯಿಟಿ ಎಂಬ ಆ ಹೆಲಿಕಾಪ್ಟರ್ ಮಂಗಳದಲ್ಲಿ ಹಾರಿ ಆಗಲೇ ಮೂರು ಗಂಟೆ ದಾಟಿದೆ. ಗೆದ್ದಿತೋ ಮುರಿದು ಬಿತ್ತೋ, ಸುದ್ದಿ ಬರುತ್ತಿರುವುದು ಈಗ. ಉಸಿರು ಬಿಗಿಹಿಡಿದಿದ್ದೀರಿ. ಪರದೆಯ ಮೇಲೆ ಗೆರೆಯೊಂದು ಏರುತ್ತದೆ, ಮೂರು ಮೀಟರಿನಲ್ಲಿ ಸಪಾಟಾಗುತ್ತದೆ, ಇಳಿಯುತ್ತದೆ. 39 ಸೆಕೆಂಡು.

ಐದು ಸಲ ಹಾರಿದರೆ ಸಾಕೆಂದು ಕಳಿಸಿದ್ದು 72 ಸಲ ಹಾರಿತು. 2024ರ ಜನವರಿ 18ರಂದು ಇಳಿಯುವಾಗ ರೆಕ್ಕೆ ಮುರಿಯಿತು. ಮುಂದಿನ ಸರದಿ ಶನಿಯ ಚಂದ್ರ ಟೈಟನ್. ಅಲ್ಲಿ ಗಾಳಿ ನಮ್ಮದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ದಟ್ಟ, ಬಿಸಿಲು ಮಾತ್ರ ಇದ್ದೂ ಇಲ್ಲದಷ್ಟು. ಹಾಗಾಗಿ 2028ರಲ್ಲಿ ಹೊರಡಬೇಕಿರುವ ಎಂಟು ರೋಟರಿನ ಡ್ರ್ಯಾಗನ್‌ಫ್ಲೈ ಯಂತ್ರಕ್ಕೆ ಬ್ಯಾಟರಿ ತುಂಬಲು ಸೌರಫಲಕದ ಬದಲು ಪ್ಲುಟೋನಿಯಂ.