ಎಂಟನೇ ನಂಬರ್ ಕಡ್ಡಿ

ಕುಲಾವಿ ಹೆಣೆಯುವಾಗ ಅಳತೆಯ ಚಿಂತೆ ಕಡಿಮೆ. ಸ್ವಲ್ಪ ದೊಡ್ಡದಾದರೂ ಮಗು ಬೆಳೆಯುತ್ತದಲ್ಲ! ದೊಡ್ಡವರ ಸ್ವೆಟರ್‌ಗೆ ಎದೆ, ಭುಜ, ಕಂಕುಳು, ತೋಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಮ್ಮನೆಯವರ ಎದೆ ಸುತ್ತಳತೆ 40 ಇಂಚು, ಒಳಗಿನ ಶರ್ಟಿಗೆಂದು ಸಡಿಲ ಇನ್ನೊಂದು 4. ದೊಡ್ಡವರಿಗೆಂದು ನಾನು ಹಾಕುತ್ತಿರುವ ಮೊದಲ ಸ್ವೆಟರ್ ಇದು, ಅದೂ ಜಡೆ ಡಿಸೈನಿನದು.

ಕಾಮಾಕ್ಷಿಪಾಳ್ಯದಲ್ಲಿ ಅಳತೆ ಬಲ್ಲವರಿಗೆ ಬರವಿಲ್ಲ. ಬೀದಿಗೆರಡು ಶೆಡ್ಡು, ಬೆಳಗಾದರೆ ಲೇತ್ ಸದ್ದು. ಇವರೂ ಲೇತ್ ಕೆಲಸದವರೇ, ಪೀಣ್ಯದಲ್ಲಿ. ನನ್ನ ಕಡ್ಡಿಯನ್ನು ವರ್ನಿಯರ್‌ಗೆ ಕೊಟ್ಟು "ನಾಲ್ಕು ಎಂಎಂ" ಅಂದರು. ತಲೆಯ ಮೇಲೆ ಬರೆದಿದ್ದದ್ದು 8. "ಇದು ನಮ್ಮ ತಂತಿ ಗೇಜ್ ಕಣೇ!" ಎಂದು ಹಿಗ್ಗಿದರು. ನಿಜವೇ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8ನೇ ನಂಬರ್ ಅಂದರೆ ಸುಮಾರು 4 ಮಿ.ಮೀ., 10 ಅಂದರೆ 3.25, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ತಂತಿಯ ಆ ಗೇಜು 1884ರಲ್ಲಿ ಬ್ರಿಟನ್ನಿನಲ್ಲಿ ಕಾನೂನಾಯಿತು. ಶೆಡ್ಡಿನ ತಂತಿಯೂ ನನ್ನ ಕಡ್ಡಿಯೂ ಒಂದೇ ಕುಲದವೆಂದು ತಿಳಿದ ದಿನದಿಂದ ಇಬ್ಬರಿಗೂ ಮಾತಿಗೆ ಹೊಸ ವಿಷಯ ಸಿಕ್ಕಿದೆ.

ತುಂಡು ಹೆಣೆದು ನೋಡಿದರೆ 10 ಸೆಂ.ಮೀ.ಗೆ 22 ಕುಣಿಕೆ. ಬೆನ್ನಿನ ಭಾಗಕ್ಕೆ ಬೇಕಾದ್ದು 56 ಸೆಂ.ಮೀ., ಅಂದರೆ ಸಾದಾ ಹೆಣಿಗೆಗೆ 123. ಜಡೆ ಬಂದ ಕಡೆ ಬಟ್ಟೆ ಒಳಕ್ಕೆ ಸೆಳೆದುಕೊಳ್ಳುವುದರಿಂದ ಜಡೆಗೆ ಒಂದೆರಡರಂತೆ ಹೆಚ್ಚಿಗೆ ಬೇಕು. ಅವನ್ನು ಕೆಳಗಿನ ಪಟ್ಟಿ ಮುಗಿದ ಮೇಲೆಯೇ ಸೇರಿಸಬೇಕು, ಇಲ್ಲದಿದ್ದರೆ ಅಂಚು ಅರಳಿಕೊಳ್ಳುತ್ತದೆ.

ನನ್ನದು ಆರು ಕುಣಿಕೆಯ ಜಡೆ. ಮೊದಲ ಮೂರನ್ನು ಗಿಡ್ಡ ಕಡ್ಡಿಗೆ ಜಾರಿಸಿ ಮುಂದಕ್ಕೆ ಬಿಡುತ್ತೇನೆ. ಆಚೆಯ ಮೂರನ್ನು ಸೀದಾ ಹೆಣೆದು, ಆಮೇಲೆ ಗಿಡ್ಡ ಕಡ್ಡಿಯ ಮೂರು. ಜಡೆ ಎಡಕ್ಕೆ ವಾಲುತ್ತದೆ. ಹಿಂದಕ್ಕೆ ಬಿಟ್ಟರೆ ಬಲಕ್ಕೆ. ದಾಟಿಸುವಾಗ ನಾಲ್ಕನೆಯ ಕುಣಿಕೆ ಬಿಗಿದು ನಿಲ್ಲುತ್ತದೆ, ಕಡ್ಡಿಯ ಮೊನೆಯನ್ನು ಒಳಗೆ ಬಿಡುವುದೇ ಇಲ್ಲ. ಹೆಬ್ಬೆರಳಿನಿಂದ ಅದನ್ನು ಒಂಚೂರು ಮುಂದಕ್ಕೆ ಒತ್ತಿದರೆ ದಾರಿ ಬಿಡುತ್ತದೆ. ಅಕ್ಕಪಕ್ಕದ ಎರಡೆರಡು ಉಲ್ಟಾ ಕುಣಿಕೆ ತಗ್ಗಿ ಕೂತಾಗಲೇ ಜಡೆ ಎದ್ದು ಬರುವುದು. ಎಂಟು ಸಾಲಿಗೊಂದು ದಾಟು. ನಡುವಿನ ಏಳು ಸಾಲುಗಳೆಂದರೆ ನನಗೆ ಇನ್ನೂ ಇಷ್ಟ. ಬೆರಳು ತಾನಾಗಿ ನಡೆಯುತ್ತದೆ, ಮನಸ್ಸು ಮುಂದಿನ ದಾಟಿಗೆ ಕಾಯುತ್ತದೆ.

ಈ ಜಡೆಗೆ ಹೆಸರು ತಂದದ್ದು ಐರ್ಲೆಂಡಿನ ಪಶ್ಚಿಮದ ಅರಾನ್ ದ್ವೀಪಗಳು. ಕಡಲಿನಲ್ಲಿ ತೀರಿಕೊಂಡವರನ್ನು ಮನೆತನದ ಡಿಸೈನಿನಿಂದ ಗುರುತಿಸುತ್ತಿದ್ದರೆಂಬ ಕಥೆಗೆ ಇತಿಹಾಸದ ಆಧಾರವಿಲ್ಲ. ಆದರೆ 1904ರಲ್ಲಿ ರಂಗಕ್ಕೆ ಬಂದ ಜೆ. ಎಂ. ಸಿಂಗ್‌ರ 'ರೈಡರ್ಸ್ ಟು ದ ಸೀ' ನಾಟಕದಲ್ಲಿ ತಂಗಿ ಅಣ್ಣನ ಕಾಲುಚೀಲವನ್ನು ಗುರುತು ಹಿಡಿಯುವುದು ತಾನು ಹೆಣೆದಾಗಿನ ಕುಣಿಕೆಗಳ ಲೆಕ್ಕದಿಂದ. ಅದನ್ನು ನಾನು ನಂಬುತ್ತೇನೆ. ಹೆಣೆದ ಕೈಗೆ ತನ್ನ ಬಿಗಿ ಗೊತ್ತಿರುತ್ತದೆ.

ಬಣ್ಣಕ್ಕೆ ಮಾತ್ರ ಚರ್ಚೆಯಾಯಿತು. ಕೊಳೆ ಕಾಣಬಾರದೆಂದು ಅವರು ಕಪ್ಪು ಕೇಳಿದರು. ಕಪ್ಪು ಉಲ್ಲನ್ನಿನಲ್ಲಿ ಜಡೆ ಮುಳುಗಿಹೋಗುತ್ತದೆ. ತಿಳಿ ಬೂದು ತಂದೆ. ಹೇಗೂ ಲೇತ್ ಮುಂದೆ ಸ್ವೆಟರ್ ಹಾಕುವಂತಿಲ್ಲ, ತಿರುಗುವ ಚಕ್‌ಗೆ ಎಳೆ ಸಿಕ್ಕರೆ ಅಪಾಯ. ಇದು ಧನುರ್ಮಾಸದ ಬೆಳಗಿನಲ್ಲಿ ಫಸ್ಟ್ ಶಿಫ್ಟಿಗೆ ಸ್ಕೂಟರ್ ಏರಿ ಹೋಗುವಾಗ, ಎದೆಗೆ ಗಾಳಿ ಹೊಡೆಯದಿರಲೆಂದು.

ಬೆನ್ನು, ಎದೆ ಎರಡೂ ಮುಗಿದಿವೆ. ತೋಳುಗಳನ್ನು ಒಂದೇ ಜೋಡಿ ಕಡ್ಡಿಯ ಮೇಲೆ, ಎರಡು ಉಂಡೆ ಇಟ್ಟುಕೊಂಡು ಒಟ್ಟಿಗೇ ಹೆಣೆಯುತ್ತಿದ್ದೇನೆ. ಸಾಲಿಗೆ ಸಾಲು ಸರಿಹೋಗಿ ಎರಡೂ ಒಂದೇ ಉದ್ದಕ್ಕೆ ಬರುತ್ತವೆ.