ಕುಂಡಲಿಕೆಯಲ್ಲಿ ಭೀಮೆಯ ನೀರು

ಕಳೆದ ಏಪ್ರಿಲ್‌ನ ಒಂದು ಶನಿವಾರ, ಬೆಳಗಿನ ನಾಲ್ಕೂವರೆಗೆ, ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೆ ಬುಲೆಟ್ ಗುಡುಗಿತು. ಕಲ್ಯಾಣದಿಂದ ಬಂದ ಗೆಳೆಯ ಮೂಲತಃ ಕುಂದಾಪುರದ ಕಡೆಯವನು. ಹದಿನೈದು ವರ್ಷಗಳಿಂದ ನಾವಿಬ್ಬರೂ ಒಂದೇ ಲೋಕಲ್ ಗಾಡಿಯಲ್ಲಿ ನೇತಾಡುತ್ತ ಬಂದವರು. ಐವತ್ತು ತುಂಬುವುದರೊಳಗೆ ಒಮ್ಮೆ ರಾಫ್ಟಿಂಗ್ ಮಾಡಲೇಬೇಕೆಂದು ಅವನು ಹಟ ಹಿಡಿದಿದ್ದ. ನನಗಾದರೋ ಈಜು ಬಾರದು. "ಹೊಳೆ ಬದಿಯಲ್ಲಿ ಹುಟ್ಟಿ ಈಜು ಬರೂದಿಲ್ಲ ಅಂದ್ರೆ ಎಂಥದು ಮಾರಾಯ?" ಎಂಬುದು ಅವನ ಹಳೆಯ ಪ್ರಶ್ನೆ. ನಾನು ಅಫಜಲಪುರ ತಾಲ್ಲೂಕಿನವನು. ನಮ್ಮ ಭೀಮೆ ಒಂದೋ ಬತ್ತಿರುತ್ತಾಳೆ, ಇಲ್ಲವೇ ಊರೊಳಗೇ ಬಂದುಬಿಡುತ್ತಾಳೆ. ಮಕ್ಕಳಿಗೆ ಈಜು ಕಲಿಸುವ ಹದದಲ್ಲಿ ಅವಳು ಹರಿದದ್ದು ನನ್ನ ನೆನಪಿನಲ್ಲಿ ಕಡಿಮೆ.

ಶಿಳ್‌ಫಾಟಾ, ತಳೋಜಾ, ಕಳಂಬೋಲಿ ಕತ್ತಲಲ್ಲೇ ಹಿಂದೆ ಸರಿದವು. ಪನ್ವೇಲಿನಿಂದ ರಾಷ್ಟ್ರೀಯ ಹೆದ್ದಾರಿ 66. ಹೆಲ್ಮೆಟ್ಟಿನೊಳಗಿಂದಲೇ ಅವನು ಕೂಗಿದ: "ಸೀದಾ ಹೋದ್ರೆ ನಮ್ಮೂರು!" ಕರ್ನಾಳಾ ಬೆಟ್ಟದ ಹೆಬ್ಬೆರಳಿನಂಥ ಶಿಖರಕ್ಕೆ ಬೆಳಕು ತಾಗುವ ಹೊತ್ತು. ಪೇಣ್‌ನಲ್ಲಿ ಚಹಾ, ವಡಾಪಾವ್. ಆಮೇಲೆ ನಾಗೋಠಣೆಯವರೆಗೂ, ವರ್ಷಗಳಿಂದ ಅಗಲವಾಗುತ್ತಲೇ ಇರುವ ಆ ರಸ್ತೆಯ ಧೂಳು. ಬೆನ್ನು ನೋವಿನ ಹೊರತು ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಕೋಲಾಡಿನಿಂದ ಒಳಗೆ ಹೋಗಿ ಕುಂಡಲಿಕಾ ನದಿಯ ದಂಡೆಗಿಳಿದಾಗ ನನಗೆ ನಗು ಬಂತು. ಬಂಡೆಗಳ ನಡುವೆ ಮೊಣಕಾಲುದ್ದದ ನೀರು. ಇದರಲ್ಲಿ ರಾಫ್ಟ್ ತೇಲುವುದೆಂತು? ಮಾರ್ಗದರ್ಶಿ ಹುಡುಗ ಮಾತ್ರ ನಿಶ್ಚಿಂತನಾಗಿ ನಮ್ಮ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿಯುತ್ತಿದ್ದ. ನೀರು ಇನ್ನೂ ಬಿಟ್ಟಿಲ್ಲ, ಬರುತ್ತದೆ ಎಂದ ಮರಾಠಿಯಲ್ಲಿ. ತುಸು ಹೊತ್ತಿನಲ್ಲಿ ಬಂತು. ಮಳೆಯಿಲ್ಲ, ಮೋಡವಿಲ್ಲ, ಕಣ್ಣೆದುರೇ ಕಲ್ಲುಗಳು ಒಂದೊಂದಾಗಿ ಮುಳುಗಿದವು. ಎಲ್ಲಿಯ ನೀರು ಎಂದು ಕೇಳಿದೆ. "ಮುಳಶಿಯದು. ಘಟ್ಟದ ಮೇಲಿನಿಂದ."

ಮುಳಶಿ! ಆ ಹೆಸರು ನನಗೆ ಹೊಸದಲ್ಲ. ಅಲ್ಲಿ ಅಣೆಕಟ್ಟು ಕಟ್ಟಿರುವುದು ಮುಳಾ ನದಿಗೆ. ಮುಳಾ ಹುಟ್ಟಾ ಪೂರ್ವಾಭಿಮುಖಿ. ಪುಣೆಯಲ್ಲಿ ಮುಠೆಯೊಡನೆ ಕೂಡಿ, ಮುಂದೆ ಭೀಮೆಯನ್ನು ಸೇರಿ, ನಮ್ಮ ಕಲಬುರ್ಗಿ ಜಿಲ್ಲೆಯನ್ನು ಹಾದು ಕೃಷ್ಣೆಗೆ ಹೋಗಬೇಕಾದವಳು. ಟಾಟಾ ಕಂಪನಿ ಆ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಸಹ್ಯಾದ್ರಿಯ ಬುಡದ ಭಿರಾಕ್ಕೆ ಧುಮುಕಿಸಿ, 1927ರಿಂದ ಮುಂಬಯಿಗೆ ವಿದ್ಯುತ್ತು ಕೊಡುತ್ತ ಬಂದಿದೆ. ಗಿರಣಿಗಳು ಓಡಿದ್ದು, ರೈಲುಗಳು ಓಡಿದ್ದು ಅದರಿಂದ. ತಮ್ಮ ಹೊಲಗಳು ಮುಳುಗುತ್ತವೆಂದು ಅಲ್ಲಿಯ ಮಾವಳ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು. ಮೂರು ವರ್ಷ ನಡೆದು ಸೋತ ಹೋರಾಟ ಅದು. ಕೆಳಗಿನ ನಮ್ಮವರನ್ನು ಆಗ ಯಾರೂ ಕೇಳಿರಲಾರರು. ಅರ್ಧ ಶತಮಾನದ ಬಳಿಕವಷ್ಟೇ ಬಚಾವತ್ ನ್ಯಾಯಮಂಡಳಿ, ಮೇಲ್ಭೀಮೆಯಿಂದ ಹೀಗೆ ಪಶ್ಚಿಮಕ್ಕೆ ಹೋಗುವ ನೀರು ವರ್ಷಕ್ಕೆ 54.5 ಟಿಎಂಸಿ ಮೀರಬಾರದೆಂದು ಮಿತಿ ಹಾಕಿತು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಇದು ನಿಮ್ಮದೇ ಹೊಳೆ. ಹೆದರ್ಬೇಡ, ಹತ್ತು" ಎಂದ.

ಸುಮಾರು ಹನ್ನೆರಡು ಕಿಲೋಮೀಟರು. ಮೊದಲ ಸೆಳವಿನಲ್ಲಿ ರಾಫ್ಟಿನ ಮೂತಿ ಎದ್ದು ಬಿದ್ದಾಗ ಕಣ್ಣು ಮುಚ್ಚಿದೆ. ಹುಟ್ಟು ಹಾಕಬೇಕಾದ ಕೈ ಹಗ್ಗ ಹಿಡಿದಿತ್ತು. ಮೂರನೆಯ ಸೆಳವಿಗೆ ಕೂಗುತ್ತಿದ್ದವನು ನಾನೇ ಎಂದು ಆಮೇಲೆ ತಿಳಿಯಿತು. ನೀರು ಶಾಂತವಾದೆಡೆ ಇಳಿಯಬಹುದು ಎಂದ ಹುಡುಗ. ಗೆಳೆಯ ತಳ್ಳಿದನೋ ನಾನೇ ಜಾರಿದೆನೋ, ಅದರ ಬಗ್ಗೆ ನಮ್ಮಲ್ಲಿ ಇಂದಿಗೂ ಒಮ್ಮತವಿಲ್ಲ. ಬೆನ್ನ ಮೇಲೆ ತೇಲಿದೆ. ಏಪ್ರಿಲ್‌ನಲ್ಲೂ ಹಲ್ಲು ಕಡಿಯುವಷ್ಟು ತಣ್ಣಗಿನ ನೀರು. ಈ ತಿಂಗಳಲ್ಲಿ ನಮ್ಮೂರಲ್ಲಿ ಅವ್ವ ಉಸುಕಿನಲ್ಲಿ ಒರತೆ ತೋಡಿ, ಚರಿಗೆಯಿಂದ ಮೊಗೆ ಮೊಗೆದು ಕೊಡ ತುಂಬುತ್ತಿದ್ದಳು. ಕೆಸರಾಗದಂತೆ ಮೊಗೆಯುವುದನ್ನು ನನಗೂ ಕಲಿಸಿದ್ದಳು. ಲೆಕ್ಕಕ್ಕೆ ನೋಡಿದರೆ, ಈ ನೀರು ಪೂರ್ವಕ್ಕೆ ಹರಿದಿದ್ದರೂ ಉಜನಿ ಅಣೆಕಟ್ಟು ಅದನ್ನು ನಡುವೆಯೇ ಹಿಡಿಯುತ್ತಿತ್ತು. ನಮ್ಮ ಪಾಲಿಗೆ ಎಷ್ಟು ಉಳಿಯುತ್ತಿತ್ತೋ. ಅಲ್ಲದೆ ಹದಿನೈದು ವರ್ಷ ಈ ಊರಿನ ದೀಪದಡಿ ಉಂಡವನು ನಾನು. ದೂರು ಹೇಳುವ ಬಾಯಿ ನನ್ನದೇ ಎಂಬುದೂ ಖಚಿತವಿಲ್ಲ. ಆದರೂ ಎರಡು ಬೊಗಸೆ ಕುಡಿದೆ. ಕುಡಿಯಬೇಡಿ ಎಂದು ಹುಡುಗ ಗದರಿದ.

ಮನೆ ಸೇರಿದಾಗ ರಾತ್ರಿ ಎಂಟು. ಶನಿವಾರದ ರೂಢಿಯಂತೆ ಅವ್ವನ ಫೋನು.

"ಹೊಳಿ ಬತ್ತ್ಯದ ನೋಡು ತಮ್ಮಾ. ಟ್ಯಾಂಕರ್ ಬಂದಿತ್ತು, ಎರಡ ಕೊಡ ಸಿಕ್ತು. ನೀ ಎಲ್ಲಿ ಹೋಗಿದ್ದಿ, ಮುಂಜಾನಿಂದ ಫೋನ್ ಹತ್ತಿಲ್ಲ?"

"ಗೆಳ್ಯಾನ ಕೂಡ ಅಡ್ಯಾಡ್ಲಿಕ್ಕ ಹೋಗಿದ್ದೆ, ಅವ್ವಾ."

"ಎಲ್ಲಿಗಿ?"

"ಹೀಂಗ, ಹೆದ್ದಾರಿ ಕಡಿ" ಎಂದೆ.